ಆಯಿಯ ಆರತಿ ತಟ್ಟೆ

ಹೋದ ದೀಪಾವಳಿಗೆ ದೇವಾಪುರಕ್ಕೆ ಹೋದಾಗ ಆಯಿ ಟ್ರಂಕಿನಿಂದ ಬೆಳ್ಳಿಯ ಆರತಿ ತಟ್ಟೆ ತೆಗೆದು ಕೈಗಿಟ್ಟಳು. "ತಮ್ಮಾ, ಇದನ್ನ ಮಾರಿ ತಂಗಿ ಮದಿವಿಗೆ ಕಾಲಚೈನ ಮಾಡಸು." ಎರಡು ಚೀಲ ಜೋಳ ಮಾರಿ ಕೊಂಡಿದ್ದಂತೆ ಅದನ್ನ.

ಸುರಪುರದ ಪತ್ತಾರರು ಅಂಚನ್ನು ಸ್ವಲ್ಪ ಉಜ್ಜಿ ತೋರಿಸಿದರು. ಒಳಗೆ ತಾಮ್ರ, ಮೇಲೆ ಬೆಳ್ಳಿ ಗಿಲೀಟು. ಯಾರೋ ಅವತ್ತು ಬೆಳ್ಳಿ ರೇಟಿಗೇ ಮಾರಿದ್ದರು. ಆಯಿಗೆ ಹೇಗೆ ಹೇಳೋದು?

ಆ ರಾತ್ರಿ ನಿದ್ದೆ ಬರದೆ ಫೋನಿನಲ್ಲಿ ಗಿಲೀಟಿನ ಬಗ್ಗೆ ಓದುತ್ತಾ ಕೂತೆ. ಬೆಳ್ಳಿಯ ದ್ರಾವಣದಲ್ಲಿ ಪಾತ್ರೆ ಇಳಿಬಿಟ್ಟು ಕರೆಂಟ್ ಹರಿಸಿದರೆ ಅದರ ಮೇಲೆ ಬೆಳ್ಳಿ ಕೂರುತ್ತದೆ. 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಬರ್ಮಿಂಗ್‌ಹ್ಯಾಂನ ಎಲ್ಕಿಂಗ್‌ಟನ್ ಕಂಪನಿ. ಲೇಪ ಅಷ್ಟೇ ಅಲ್ಲ, ಇಡೀ ವಸ್ತುವಿನ ನಕಲನ್ನೇ ಕರೆಂಟಿನಿಂದ ತೆಗೆಯಬಹುದಿತ್ತು. ಮೂಲ ವಸ್ತುವಿನ ಅಚ್ಚು ತೆಗೆದು, ಅದಕ್ಕೆ ಗ್ರಾಫೈಟ್ ಪುಡಿ ಸವರಿ, ತಾಮ್ರದ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ತಾಮ್ರ ಪದರ ಪದರವಾಗಿ ಕೂತು, ಮೂಲದ ಒಂದೊಂದು ಗೆರೆಯೂ ಮೂಡುತ್ತಿತ್ತು. ಕೊನೆಗೆ ಬೆಳ್ಳಿ ಲೇಪ. ಇದೇ ಎಲೆಕ್ಟ್ರೋಟೈಪ್.

ವಿಂಬಲ್ಡನ್ ಗೆದ್ದ ಮಹಿಳೆಯರು ಎತ್ತಿ ಹಿಡಿಯುವ ತಟ್ಟೆ ನೋಡಿದ್ದೀರಲ್ಲ? ಅದನ್ನು 1864ರಲ್ಲಿ ಮಾಡಿದ್ದೂ ಇದೇ ಎಲ್ಕಿಂಗ್‌ಟನ್. ಲೋಹ ಅಪ್ಪಟ ಬೆಳ್ಳಿ, ಆದರೆ ವಿನ್ಯಾಸ ನಕಲು! ಮೂಲ ಇರುವುದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ, ಅದೂ ತವರದ ಮಿಶ್ರಲೋಹದ್ದು.

1867ರಲ್ಲಿ ಯುರೋಪಿನ 15 ರಾಜಕುಮಾರರು ಇಂಥ ಪ್ರತಿಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳೋಣ ಅಂತ ಒಪ್ಪಂದಕ್ಕೆ ಸಹಿ ಹಾಕಿದರು. ದೂರದೇಶಕ್ಕೆ ಹೋಗಲಾಗದ ವಿದ್ಯಾರ್ಥಿಯೂ ಊರಲ್ಲೇ ಒಳ್ಳೆಯ ಕಲೆ ನೋಡಲಿ ಅಂತ. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಮ್ಯೂಸಿಯಂ ಇವನ್ನು ಪ್ರತಿಗಳು ಎಂದು ಹೇಳಿಯೇ ಪ್ರದರ್ಶನಕ್ಕಿಡುತ್ತಿತ್ತು.

ನಮ್ಮ ಗಿಟ್‌ಹಬ್‌ನಲ್ಲೂ ಅಷ್ಟೇ ತಾನೆ? ಬೇರೆಯವರ ಕೋಡ್ ಫೋರ್ಕ್ ಮಾಡಿದರೆ ಎಲ್ಲಿಂದ ಬಂತು ಅಂತ ಹೆಸರಿನ ಕೆಳಗೇ ಕಾಣುತ್ತದೆ. ಯಾರೂ ಅದನ್ನು ಮೋಸ ಅನ್ನಲ್ಲ. ಆಯಿಗಾದ ಮೋಸ ಗಿಲೀಟಿನಿಂದಲ್ಲ, ಅದನ್ನು ಗಿಲೀಟು ಅಂತ ಹೇಳದೇ ಮಾರಿದ್ದರಿಂದ.

ಬೆಳಿಗ್ಗೆ ಹೇಳಿಬಿಟ್ಟೆ. ಆಯಿ ತಟ್ಟೆ ತಿರುಗಿಸಿ ತಿರುಗಿಸಿ ನೋಡಿದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎರಡು ಚೀಲ ಜೋಳ ಹೋತು ಬಿಡು. ದೇವ್ರಿಗೇನ್ ಮೊದ್ಲೇ ಗೊತ್ತಿತ್ತು" ಅಂದಳು.

ಕಾಲಚೈನ ನನ್ನ ಸಂಬಳದಲ್ಲಿ ಬಂತು, ಬಿಐಎಸ್ ಹಾಲ್‌ಮಾರ್ಕ್ ನೋಡಿಯೇ. ನೀವೂ ನೋಡಿ ತಗೊಳ್ಳಿ: 925 ಅಂದರೆ 1000 ಪಾಲಿನಲ್ಲಿ 925 ಪಾಲು ಬೆಳ್ಳಿ.

ತಟ್ಟೆ ಮತ್ತೆ ದೇವರ ಮುಂದಿದೆ. ಯಾರಾದರೂ ಹೊಗಳಿದರೆ ಆಯಿ ತಾನೇ ಹೇಳ್ತಾಳೆ: "ತಾಮ್ರದ್ದದ, ಬೆಳ್ಳಿ ನೀರು ಕುಡಿಸ್ಯಾರ."