ಟಿಕೆಟ್ಟು ಕೊಡುವವರು ಯಾರು?

ಮುಂಚೂಣಿಯಲ್ಲಿರುವವರಿಗೆ ಎದುರಾಳಿಯು ಮನೆಯೊಳಗಿನಿಂದಲೇ ಎದ್ದುಬರುವುದುಂಟು. ಆನಂದಪುರ ಸೀಮೆಯ ಸದ್ಭಕ್ತರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಸಾಗರದಲ್ಲಿ ಹಿರಿಯರಾದ ಕಾಗೋಡು ತಿಮ್ಮಪ್ಪನವರನ್ನು 2004 ಮತ್ತು 2008ರಲ್ಲಿ ಸೋಲಿಸಿದವರು ಅವರ ಸೋದರಳಿಯ ಬೇಳೂರು ಗೋಪಾಲಕೃಷ್ಣರು. 2018ರಲ್ಲಿ ಭಾಜಪದ ಟಿಕೆಟ್ಟು ಹರತಾಳು ಹಾಲಪ್ಪನವರ ಪಾಲಾಗಲು, ಅಳಿಯನು ಮಾವನ ಪಕ್ಷವನ್ನು ಸೇರಿದರು. 2023ರಲ್ಲಿ ಕಾಂಗ್ರೆಸ್ಸಿನ ಟಿಕೆಟ್ಟು ಅಳಿಯನಿಗೇ ದೊರೆತಾಗ, ಅದನ್ನು ಬಯಸಿದ್ದ ಕಾಗೋಡರ ಪುತ್ರಿ ರಾಜನಂದಿನಿಯವರು ಭಾಜಪಕ್ಕೆ ನಡೆದರು. ಗೆದ್ದವರು ಬೇಳೂರರು.

ಈ ಟಿಕೆಟ್ಟುಗಳನ್ನು ನಿಶ್ಚಯಿಸಿದವರು ಪಕ್ಷಗಳ ವರಿಷ್ಠರೇ ಹೊರತು ಸಾಗರದ ಮತದಾರರಲ್ಲ.

ಅಮೆರಿಕೆಯಲ್ಲಿ ಅಭ್ಯರ್ಥಿಯನ್ನು ಆರಿಸಲು ಸಹ ಮತದಾನವುಂಟು, ಪ್ರೈಮರಿ ಎನ್ನುತ್ತಾರೆ. 1968ರ ಮಾರ್ಚಿಯಲ್ಲಿ, ನ್ಯೂ ಹ್ಯಾಂಪ್‌ಷೈರ್ ಎಂಬ ಪುಟ್ಟ ರಾಜ್ಯದಲ್ಲಿ, ಅಧ್ಯಕ್ಷ ಜಾನ್ಸನ್ನರ ಎದುರು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ನಿಂತ ಸೆನೆಟರ್ ಯೂಜೀನ್ ಮೆಕಾರ್ಥಿಯವರು ಶೇಕಡಾ 42ರಷ್ಟು ಮತ ಪಡೆದರು. ಹೆಚ್ಚು ಮತ ಬಂದದ್ದು ಜಾನ್ಸನ್ನರಿಗೇ. ಆದರೂ ಅದೇ ತಿಂಗಳ 31ರಂದು ಅವರು ಕಣದಿಂದ ಸರಿದರು.

ಆದರೆ ಆಗಸ್ಟಿನ ಅಧಿವೇಶನದಲ್ಲಿ ವರಿಷ್ಠರು ಆರಿಸಿದ್ದು ಯಾವ ಪ್ರೈಮರಿಗೂ ನಿಲ್ಲದ ಹಂಫ್ರಿಯವರನ್ನು! ಅದರಿಂದ ಕೆರಳಿದ ಜನರ ಒತ್ತಾಯಕ್ಕೆ ಮಣಿದು ಪಕ್ಷವು ನಿಯಮಗಳನ್ನು ತಿದ್ದಿತು. 1972ರಿಂದ ಪ್ರೈಮರಿಗೆ ನಿಜವಾದ ಬಲ ಬಂದಿತು. ನಮ್ಮಲ್ಲಿ ಟಿಕೆಟ್ಟು ತಪ್ಪಿದವರು ಕೆರಳುತ್ತಾರೆ. ಮತದಾರರು ಇನ್ನೂ ಕೆರಳಿಲ್ಲ.