ತೆರಪೂ ಸೊನ್ನೆಯೂ

ಶಾಲೆಯ ಅಂಕಪಟ್ಟಿಯಲ್ಲಿ ಒಂದು ಮಗುವಿನ ಹೆಸರಿನ ಮುಂದೆ ಸೊನ್ನೆಯಿದೆ. ಇನ್ನೊಂದರ ಮುಂದೆ ಬರಿಯ ತೆರಪು. ಮೊದಲನೆಯದು ಪರೀಕ್ಷೆ ಬರೆದು ಸೋತಿತು; ಎರಡನೆಯದು ಜ್ವರದಿಂದ ಮಲಗಿ ಬರಲೇ ಇಲ್ಲ. ನಮ್ಮ ಮಿರ್ಲೆಯ ಯಾವ ಉಪಾಧ್ಯಾಯನೂ ಇವೆರಡನ್ನು ಒಂದೆಂದು ತಿಳಿಯನು.

ಆದರೆ 1995ರಲ್ಲಿ ಬ್ರೆಂಡನ್ ಐಕ್ ಎಂಬವರು ರಚಿಸಿದ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯಲ್ಲಿ ಎರಡು ಸಮಚಿಹ್ನೆಗಳನ್ನಿಟ್ಟು ಕೇಳಿದರೆ, ಯಂತ್ರವು ಆ ತೆರಪನ್ನು, ಎಂದರೆ ಬರಿದಾದ ಅಕ್ಷರಪಂಕ್ತಿಯನ್ನು, ತಾನೇ ಸಂಖ್ಯೆಯಾಗಿ ಮಾರ್ಪಡಿಸಿ "ಎರಡೂ ಸಮ" ಎಂದುಬಿಡುತ್ತದೆ. 1999ರ ಪ್ರಮಾಣಗ್ರಂಥದ 3ನೆಯ ಆವೃತ್ತಿಯಲ್ಲಿ ಸ್ಥಾನ ಪಡೆದ ಮೂರು ಸಮಚಿಹ್ನೆಗಳಾದರೋ ಹೀಗೆ ಮಾರ್ಪಡಿಸುವುದಿಲ್ಲ. ಒಂದು ಅಕ್ಷರ, ಇನ್ನೊಂದು ಸಂಖ್ಯೆ. ಆದುದರಿಂದ ಅಸಮವೆಂದೇ ಅವುಗಳ ತೀರ್ಪು. ಸಾದೃಶ್ಯವು ಅಭೇದವಲ್ಲವಷ್ಟೆ!

ಮನೆಯಲ್ಲಿ ಈ ವಿದ್ಯೆಯನ್ನು ಕಲಿಯುವ ಮಕ್ಕಳಿದ್ದರೆ, ವಾಚಕರು ಅವರಿಗೆ ಮೂರನೆಯ ಚಿಹ್ನೆಯನ್ನು ಬಿಡಬಾರದೆಂದು ಹೇಳಿರಿ. ಬಾರದ ಮಗುವನ್ನು ಸೋತ ಮಗುವೆಂದು ಬರೆಯುವುದು ನ್ಯಾಯವಲ್ಲ.