ಕೈಗಾಡಿಯಲ್ಲಿ ಶೇಕ್ಸ್‌ಪಿಯರ್

"ಜನಕ್ಕೆ ಅಭಿರುಚಿಯೇ ಇಲ್ಲ" ಎಂಬ ಮಾತು ನಮ್ಮ ಸಂಘದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಾಟಕಕ್ಕೆ ನಲವತ್ತು ಜನ, ಸಿನೆಮಾಕ್ಕೆ ಹೌಸ್‌ಫುಲ್! ಈ ದೂರು ಹೊಸದಲ್ಲ. 1724ರಲ್ಲೇ ಲಂಡನ್ನಿನ ವಿಲಿಯಂ ಹೊಗಾರ್ತ್ ಇದನ್ನು ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚು ಹಾಕಿ, ಒಂದು ಶಿಲಿಂಗಿಗೆ ಮಾರಿದ. 'ಮಾಸ್ಕರೇಡ್ಸ್ ಅಂಡ್ ಆಪರಾಸ್' ಅಂತ ಅದರ ಹೆಸರು.

ಚಿತ್ರದ ಎಡಕ್ಕೆ ಮುಖವಾಡದ ಕುಣಿತಕ್ಕೆ ನುಗ್ಗುವ ಜನ. ಅವರಿಗೆ ದಾರಿ ತೋರಿಸುವವರು ಒಬ್ಬ ಸೈತಾನ, ಒಬ್ಬ ವಿದೂಷಕ. ಮೇಲೆ ತೂಗುವ ಪಟದಲ್ಲಿ ಇಟಲಿಯ ಗಾಯಕಿಗೆ ಮೊಣಕಾಲೂರಿ 8000 ಪೌಂಡು ಒಪ್ಪಿಸುವ ಶ್ರೀಮಂತ. ಬಲಕ್ಕೆ ಫೌಸ್ಟಸ್ ಕತೆಯ ಪ್ಯಾಂಟೊಮೈಮಿಗೆ, ಅಂದರೆ ಕುಣಿತ, ಮೂಕಾಭಿನಯ, ಯಂತ್ರದ ಚಮತ್ಕಾರಗಳ ಆಟಕ್ಕೆ, ಮುಗಿಬಿದ್ದ ಗುಂಪು. ನಡುವೆ ಒಬ್ಬ ಹೆಂಗಸು ಕೈಗಾಡಿ ತಳ್ಳುತ್ತಿದ್ದಾಳೆ. ಗಾಡಿಯಲ್ಲಿ ಶೇಕ್ಸ್‌ಪಿಯರ್, ಬೆನ್ ಜಾನ್ಸನ್, ಡ್ರೈಡನ್, ಕಾಂಗ್ರೀವ್. ಎಲ್ಲವೂ ಅಂಗಡಿಗೆ ಹೋಗುವ ರದ್ದಿ!

ನಗು ಬರುತ್ತದೆ, ಚುಚ್ಚಲೂ ಚುಚ್ಚುತ್ತದೆ. ಆದರೆ ಕಾಮರ್ಸ್ ಓದುವ ನನಗೆ ಲೆಕ್ಕ ಪೂರ್ತಿ ಸರಿ ಅನ್ನಿಸಲಿಲ್ಲ. ಆ ಕಾಲದಲ್ಲಿ ಪ್ಯಾಂಟೊಮೈಮನ್ನು ಸಾಮಾನ್ಯವಾಗಿ ದೊಡ್ಡ ನಾಟಕ ಮುಗಿದ ಮೇಲೆ, ಅದೇ ಸಂಜೆ, ಅದೇ ರಂಗದ ಮೇಲೆ ಆಡುತ್ತಿದ್ದರು. ಶೇಕ್ಸ್‌ಪಿಯರನ ನಾಟಕಗಳೂ ಅದೇ ಥಿಯೇಟರುಗಳಲ್ಲಿ ನಡೆಯುತ್ತಿದ್ದವು. ಚಮತ್ಕಾರದ ಆಟ ತಂದ ಗಲ್ಲಾಪೆಟ್ಟಿಗೆಯ ಹಣದಿಂದಲೇ ಹ್ಯಾಮ್ಲೆಟನ ಮೇಣದಬತ್ತಿಯೂ ಉರಿದಿರಬಾರದೇಕೆ?

ಹೊಗಾರ್ತನೂ ಪೇಟೆಯವನೇ. ಅವನ ಚಿತ್ರದ ಕಳ್ಳ ನಕಲುಗಳು ಅರ್ಧ ಬೆಲೆಗೆ ಬಂದು ಅವನ ಹೊಟ್ಟೆಗೆ ಹೊಡೆದವು. ಮುಂದೆ 1735ರಲ್ಲಿ ಅಚ್ಚುಚಿತ್ರಗಳಿಗೆ 14 ವರ್ಷದ ಹಕ್ಕು ಕೊಡುವ ಕಾನೂನು ತರಿಸಲು ಅವನೇ ಮುಂದಾಗಿ ಓಡಾಡಿದ. ಯಾವ ಊರಿನ ಅಭಿರುಚಿಯನ್ನು ಬೈದನೋ ಅದೇ ಊರಿನ ಜನ ಅವನ ಗಿರಾಕಿಗಳು. ಇದನ್ನು ನಾನು ಅವನ ತಪ್ಪು ಅನ್ನುವುದಿಲ್ಲ. ಬೈಗುಳವನ್ನೂ ಕಾಸು ಕೊಟ್ಟು ಮನೆಗೊಯ್ಯುವಷ್ಟು ಚೆನ್ನಾಗಿ ಕೊರೆದ, ಅದು ಅವನ ಹೆಚ್ಚುಗಾರಿಕೆ. ಆ ಗುಂಪಿನ ಒಂದೊಂದು ಮುಖವನ್ನೂ ಬೀದಿಯಲ್ಲಿ ನಿಂತು ನೋಡದೆ ಹಾಗೆ ಕೊರೆಯಲಿಕ್ಕಾಗದು.

ನಾವೋ, ಜನ ಇಲ್ಲದ ಕೋಣೆಯಲ್ಲಿ ಕೂತು ಜನರನ್ನು ಬೈಯುತ್ತೇವೆ. ಒಂದು ಗುಟ್ಟು ಹೇಳಿಬಿಡುತ್ತೇನೆ: ಸಂಘದ ಕಳೆದ ಕವಿತಾವಾಚನಕ್ಕೆ ನಾನು ಬಂದಿರಲಿಲ್ಲ, ಸಿನೆಮಾಕ್ಕೆ ಹೋಗಿದ್ದೆ. ಅಲ್ಲಿ ಪಕ್ಕದಲ್ಲಿದ್ದವರ ಜೊತೆ ನಾನೂ ಹೊಟ್ಟೆ ತುಂಬ ನಕ್ಕೆ. ನನಗೆ ಅಭಿರುಚಿ ಇಲ್ಲವೆನ್ನುವ ಮೊದಲು, ಅಂದಿನ ವಾಚನ ನನ್ನನ್ನು ಯಾಕೆ ಕರೆಯಲಿಲ್ಲ ಅಂತ ಸಂಘ ಒಮ್ಮೆ ಕೇಳಿಕೊಳ್ಳಬಾರದೇ?